ಪುಕ್ಕಟೆ ಕೆಡವಿಕೊಡುವವರ ಲೆಕ್ಕ

ಪ್ರಶ್ನೆ: ನಮ್ಮ ಹಳೆಯ ಕಾರ್ಖಾನೆ ಕಟ್ಟಡ ಕೆಡವಬೇಕು. ‘ಕೂಲಿ ಬೇಡ, ಗುಜರಿಯೆಲ್ಲ ನಮಗೆ ಬಿಡಿ’ ಎನ್ನುತ್ತಾರೆ ಗುತ್ತಿಗೆದಾರರು. ಒಪ್ಪಬಹುದೇ?

ಉತ್ತರ: ಇದನ್ನೇ ಎಷ್ಟು ಜನ ಕೇಳುತ್ತೀರಿ! ಅದೂ ಬಹುಪಾಲು ಮಂದಿ ಸಹಿ ಹಾಕಿದ ಮೇಲೆ. ಪುಕ್ಕಟೆ ಯಾರೂ ಕೆಡವುವುದಿಲ್ಲ. ಒಂದು ಸುತ್ತು ಹಾಕಿ ಹೋದ ಆ ಮನುಷ್ಯ ಲೆಕ್ಕ ಮುಗಿಸಿಯೇ ಬಂದಿರುತ್ತಾನೆ. ಲೆಕ್ಕ ಹಾಕದವರು ನೀವು ಮಾತ್ರ.

ಮಾಲೀಕರ ಕಣ್ಣು ಚಾವಣಿಯ ತೊಲೆಗಳ ಮೇಲೆ. ತೂಕ ಅಲ್ಲಿದೆ, ನಿಜ. ಆದರೆ ಕಿಲೋಗೆ ಒಳ್ಳೆಯ ದರ ಬರುವುದು ನೆಲದಡಿಯ ಕೇಬಲ್, ಸ್ವಿಚ್ ಬೋರ್ಡಿನ ಹಿಂದೆ ಕರೆಂಟು ಹಂಚುವ ತಾಮ್ರದ ಪಟ್ಟಿ (ಬಸ್ ಬಾರ್), ಮೋಟಾರಿನೊಳಗೆ ಸುತ್ತಿದ ತಂತಿ (ವೈಂಡಿಂಗ್), ಹಿತ್ತಾಳೆ ವಾಲ್ವುಗಳಿಗೆ. ವಿದ್ಯುತ್ ಸಂಪರ್ಕ ಕಡಿದ ಮೇಲೆ, ಕೆಡವುವ ಯಂತ್ರ ಒಳಬರುವ ಮೊದಲೇ ಇವನ್ನು ಬಿಚ್ಚಿಸಿ, ರಾಶಿ ಬೇರೆ ಮಾಡಿ, ಬೇರೆಯಾಗಿಯೇ ತೂಗಿಸಿ. ಅವಶೇಷದಲ್ಲಿ ಬೆರೆತರೆ ತಾಮ್ರವೂ ಕಬ್ಬಿಣದ ದರಕ್ಕೇ ಹೋಗುತ್ತದೆ.

ಕಬ್ಬಿಣದಲ್ಲೂ ಎರಡು ದರವಿದೆ. ಬೋಲ್ಟ್ ಬಿಚ್ಚಿ ನೆಟ್ಟಗೆ ಇಳಿಸಿದ ತೊಲೆ ಮರುಬಳಕೆಗೆ ಹೋದರೆ ಕರಗಿಸುವ ಮಾಲಿಗಿಂತ ಹೆಚ್ಚು ಸಿಗುತ್ತದೆ. ಗ್ಯಾಸ್ ಕಟಿಂಗ್‌ನವರು ಬೇಗ ಮುಗಿಸುವ ಆತುರದಲ್ಲಿ ಅದನ್ನೂ ತುಂಡರಿಸುತ್ತಾರೆ, ಕಾವಲಿರಿ. ಕುಲುಮೆಗೆ ಹೋಗುವ ಒಳ್ಳೆಯ ದರ್ಜೆಯ ಮಾಲೆಂದರೆ ಸುಮಾರು 6 ಮಿ.ಮೀ. ದಪ್ಪ, 150×60 ಸೆಂ.ಮೀ. ಒಳಗಿನ ತುಂಡು. ಉದ್ದ ಬಿಟ್ಟರೆ ಕತ್ತರಿಸುವ ಖರ್ಚು ನಿಮ್ಮ ದರದಲ್ಲೇ ಕಡಿತವಾಗುತ್ತದೆ.

ಅಂದಾಜು ನೀವೇ ಮಾಡಿ. 10 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟು ಚದರ ಮೀಟರಿಗೆ 78.5 ಕಿಲೋ. ಸರಳಿನ ವ್ಯಾಸವನ್ನು ಮಿ.ಮೀ.ನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿನ ತೂಕ, 16 ಮಿ.ಮೀ. ಸರಳಿಗೆ 1.58 ಕಿಲೋ. ಹಾಗೆಂದು ಕಾಂಕ್ರೀಟಿನೊಳಗಿನ ಸರಳನ್ನೆಲ್ಲ ಲಾಭಕ್ಕೆ ಸೇರಿಸಬೇಡಿ, ಬಿಡಿಸುವ ಖರ್ಚೇ ಅದರಲ್ಲಿ ಬಹುಪಾಲು ತಿನ್ನುತ್ತದೆ.

ಲಾರಿಯನ್ನು ಪ್ರತಿ ಸಲವೂ ಖಾಲಿ ಮತ್ತು ತುಂಬಿ, ನೀವು ಆರಿಸಿದ ವೇ ಬ್ರಿಡ್ಜಿನಲ್ಲೇ ತೂಗಿಸಿ. ಖಾಲಿ ತೂಗುವಾಗ ಕಲ್ಲು, ನೀರಿನ ಡ್ರಮ್ಮು, ಎರಡಾಳು ಹೊತ್ತು, ತುಂಬುವ ಮೊದಲು ಅವನ್ನಿಳಿಸಿದ ಲಾರಿ ನಿಮ್ಮ ಮಾಲಿನಲ್ಲೇ ಅಷ್ಟನ್ನು ಕದಿಯುತ್ತದೆ.

ಪ್ರಶ್ನೆ: ಕೇಬಲ್ ಸುಟ್ಟರೆ ತಾಮ್ರ ಬೇಗ ಸಿಗುವುದಿಲ್ಲವೇ?

ಉತ್ತರ: ಸಿಗುತ್ತದೆ, ಡಯಾಕ್ಸಿನ್ ಎಂಬ ವಿಷದ ಹೊಗೆಯ ಜೊತೆಗೆ. ಸುಟ್ಟ ತಾಮ್ರದ ದರ್ಜೆಯೂ ಇಳಿಯುತ್ತದೆ. ಸುಲಿಯಿರಿ.

ಪ್ರಶ್ನೆ: ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೇನ್‌ಲೆಸ್ ತಾನೇ?

ಉತ್ತರ: ಅಲ್ಯೂಮಿನಿಯಮ್ಮಿಗೂ ಅಂಟದು. ಸ್ಟೇನ್‌ಲೆಸ್‌ನಲ್ಲೇ 304 ದರ್ಜೆ ಯಾವುದು, ಮಾಲಿಬ್ಡಿನಂ ಲೋಹ ಬೆರೆತ ದುಬಾರಿ 316 ಯಾವುದು ಎಂದು ಅಯಸ್ಕಾಂತ ಹೇಳುವುದಿಲ್ಲ. ಲೋಹದಲ್ಲಿ ಏನೇನು ಬೆರೆತಿದೆ ಎಂದು ಎಕ್ಸ್ ಕಿರಣದಿಂದ ತೋರಿಸುವ ಎಕ್ಸ್‌ಆರ್‌ಎಫ್ ಯಂತ್ರ ತರಿಸಿ.

ಪ್ರಶ್ನೆ: ಹಳೆಯ ಉಪಕರಣಗಳಲ್ಲಿ ‘ಕೆಂಪು ಪಾದರಸ’ ಇರುತ್ತದಂತೆ?

ಉತ್ತರ: ಭಾರಿ ಬೆಲೆಯದೆಂದು ನಂಬಿಸುವ ಮೋಸ ಅದು, ಅಂಥ ವಸ್ತುವೇ ಇಲ್ಲ. ಹೇಳಿದವನನ್ನು ಗೇಟಿನಾಚೆ ಕಳಿಸಿ.

ಪ್ರಶ್ನೆ: ಕೊಳವೆಗೆ ಬಿಗಿದ ಭಾರದ ಸೀಸದ ಡಬ್ಬಿ ಸಿಕ್ಕಿದೆ. ಒಡೆದು ಸೀಸ ಮಾರಬಹುದೇ?

ಉತ್ತರ: ಮುಟ್ಟಲೇಬೇಡಿ! ಮಟ್ಟ ಅಳೆಯುವ ಹಳೆಯ ಗೇಜುಗಳಲ್ಲಿ ಸೀಸಿಯಂ-137 ಎಂಬ ವಿಕಿರಣ ಸೂಸುವ ವಸ್ತು ಇರಬಹುದು. ಬ್ರೆಜಿಲ್‌ನ ಗೋಯಾನಿಯಾದಲ್ಲಿ 1987ರಲ್ಲಿ, ಪಾಳುಬಿದ್ದ ಚಿಕಿತ್ಸಾಲಯದ ಯಂತ್ರದಿಂದ ಇದೇ ಸೀಸಿಯಂ ಗುಜರಿಗೆ ಹೋಗಿ ನಾಲ್ವರು ಸತ್ತರು. ಕೆಲಸ ನಿಲ್ಲಿಸಿ, ಆಳುಗಳನ್ನು ದೂರ ಕಳಿಸಿ, ನಿಮ್ಮ ದೇಶದ ವಿಕಿರಣ ಸುರಕ್ಷತಾ ಇಲಾಖೆಗೆ ಇವತ್ತೇ ತಿಳಿಸಿ. ನನಗೆ ಪತ್ರ ಬರೆದು ಉತ್ತರಕ್ಕೆ ಕಾಯುವ ವಿಷಯವಲ್ಲ ಇದು.