ಕರೆಂಟ್ ಹೋಗಿ ಅರ್ಧ ತಾಸಿಗೆ ಟವರ್ ಯಾಕ ಬಂದ್ ಆಯ್ತು?

ಅಫಜಲಪುರ ತಾಲೂಕಿನ ಓದುಗ ಅಕ್ಕ ಒಬ್ರು ಬರ್ದಾರ: ಮೇ ತಿಂಗಳ ಅಡ್ಡಮಳಿ ಗಾಳಿಗೆ ಊರಾಗ ಕರೆಂಟ್ ಹೋಯ್ತು, ಅರ್ಧ ತಾಸಿನಾಗ ಸಿಗ್ನಲ್ ಸೈತ ಹೋಯ್ತು, ಮನ್ಯಾಗ ಎರಡು ಕಂಪನಿ ಸಿಮ್ ಇದ್ರೂ ಎರಡೂ ಬಂದ್. ಅವತ್ತೇ ರಾತ್ರಿ ಸೊಸಿಗೆ ಹೆರಿಗಿ ಬ್ಯಾನಿ ಸುರು ಆಗಿ, ಗಾಡಿ ಕರೀಲಿಕ್ಕೆ ಮಗ ಮಳ್ಯಾಗ ಬೈಕ್ ಹತ್ತಿ ಮಗ್ಗಲ ಊರಿಗೆ ಹೋಗಬೇಕಾಯ್ತು. ಟವರ್ ನೆಟ್ಟಗ ನಿಂತದ, ಮತ್ತ ನೆಟ್‌ವರ್ಕ್ ಬರ್ಲಿಕ್ಕೆ ಎರಡು ದಿನ ಯಾಕ ಬೇಕಾಯ್ತು ಅಂತ ಕೇಳ್ಯಾರ.

ಅಕ್ಕಾರ, ತಾಯಿ ಕೂಸು ಆರಾಮ ಅದಾರ ಅಂತ ಕೊನಿ ಸಾಲಿನಾಗ ಬರ್ದಿದ್ರಿ, ಅಲ್ಲೀತನ ಓದೂದ್ರಾಗ ನಮ್ಮ ಜೀವ ಕೈಯಾಗ ಬಂದಿತ್ತು.

ನಿಮ್ಮ ಪ್ರಶ್ನೆಕ್ಕ ಉತ್ತರ ನೀವೇ ಬರ್ದ "ಅರ್ಧ ತಾಸು" ಅನ್ನೋ ಮಾತಿನಾಗ ಅದ. ಗಾಳಿಗೆ ಟವರ್ ಬೀಳೂದು ಕಮ್ಮಿ, ಅದಕ್ಕ ಬರೋ ಕರೆಂಟ್ ಹೋಗೂದೇ ಹೆಚ್ಚು. ಟವರ್ ಬುಡಕ್ಕ ಒಂದು ಡಬ್ಬಿ ಇರ್ತದಲ್ಲ, ಅದ್ರಾಗ 48 ವೋಲ್ಟಿನ ಬ್ಯಾಟರಿ ಬ್ಯಾಂಕ್ ಇರ್ತದ, ಲೈನ್ ಹೋದ ಕೂಡ್ಲೇ ಅದು ಭಾರ ಹೊರಬೇಕು, ಅದು ಮುಗಿಯೂದ್ರೊಳಗ ಜನರೇಟರ್ ಚಾಲೂ ಆಗಬೇಕು ಇಲ್ಲಾ ಡೀಸೆಲ್ ತಗೊಂಡು ಯಾರರ ಬರಬೇಕು. ಚಲೋ ಬ್ಯಾಟರಿ ತಾಸುಗಟ್ಟಲೆ ನಡೀತದ. ಅರ್ಧ ತಾಸಿಗೆ ಕೈ ಬಿಟ್ಟದ ಅಂದ್ರ ಆ ಬ್ಯಾಟರಿ ಮಳಿ ಬರೂಕಿಂತ ಮೊದಲೇ ಹಾಳಾಗಿತ್ತು ಅಂತ ನನಗ ಅನಿಸ್ತದ.

ಹಾಳು ಮಾಡಿದ್ದು ನಮ್ಮ ಬಿಸಲು. ಸೀಸದ ಬ್ಯಾಟರಿಗೆ 25 ಡಿಗ್ರಿ ಹದ, ಅದರ ಮ್ಯಾಲ 10 ಡಿಗ್ರಿ ಏರಿದ್ರ ಆಯುಷ್ಯ ಹೆಚ್ಚುಕಮ್ಮಿ ಅರ್ಧ ಆಗ್ತದ, ಕಲಬುರಗಿ ಬ್ಯಾಸಗಿ ಅಂತೂ 40 ದಾಟೇ ದಾಟ್ತದ. ಎರಡು ತಿಂಗಳು ಬಿಸಲಾಗ ಬೆಂದ ಬ್ಯಾಟರಿ ಮ್ಯಾಲೇ ಅಡ್ಡಮಳಿ ಬಂದು ಬೀಳ್ತದ. ಸಮುದ್ರದ ದಂಡಿ ಮಂದಿಗೆ ಚಂಡಮಾರುತ ಬರೂದು ನಾಕು ದಿನ ಮೊದಲೇ ಗೊತ್ತಾಗ್ತದ, ಡೀಸೆಲ್ ತುಂಬಿಸ್ತಾರ, ಗಾಡಿ ಮ್ಯಾಲಿನ ಟವರ್ ತಂದು ನಿಲ್ಲಿಸ್ತಾರ. 2023ರ ಜೂನ್‌ನಾಗ ಗುಜರಾತಿಗೆ ಬಿಪರ್‌ಜಾಯ್ ಬಂದಾಗ ಒಂದು ಕಂಪನಿ ಸಿಮ್ ಇನ್ನೊಂದು ಕಂಪನಿ ನೆಟ್‌ವರ್ಕ್ ಮ್ಯಾಲ ನಡೀಲಿ ಅಂತ ಸರ್ಕಾರ ಬಿಟ್ಟಿತ್ತು. ನಮ್ಮ ಗಾಳಿ ಮಧ್ಯಾಹ್ನ ಮೋಡ ಕಟ್ಟಿ ಸಂಜೀಕೆ ಹೊಡೀತದ. ಅದಕ್ಕ ಇಲ್ಲಿ ಬ್ಯಾಟರಿ ಚೆಕ್ ಯುಗಾದಿ ಒಳಗ ಮುಗೀಬೇಕು, ಮಿರಗದ ತನಕ ಕಾಯಬಾರದು.

ಎರಡು ಸಿಮ್ ಒಮ್ಮೆಲೇ ಹೋಗಿದ್ದು ಯಾಕಂದ್ರ ಹಳ್ಳಿ ಕಡಿ ಭಾಳಷ್ಟು ಟವರ್ ಎರಡು ಮೂರು ಕಂಪನಿಗೆ ಕೂಡಿ ಒಂದೇ ಇರ್ತದ, ಅದೊಂದು ಕೂತ್ರ ಎಲ್ಲಾ ಕೂಡ್ತಾವ.

ಇನ್ನ ಎರಡು ದಿನದ ಮಾತು. ಡೀಸೆಲ್ ಗಾಡಿ ಬರ್ಬೇಕಂದ್ರ ರಸ್ತಾದ ಮ್ಯಾಲಿನ ಗಿಡ ಸರೀಬೇಕು, ಕಂಬ ಬಿದ್ದಿದ್ರ ಲೈನ್‌ಮನ್ ಬರಬೇಕು, ಟವರಿಗೆ ಬರೋ ಫೈಬರ್ ಅಂದ್ರ ಗಾಜಿನ ಎಳಿ ಕೇಬಲ್ ತುಂಡಾಗಿದ್ರ ಅದು ಬ್ಯಾರೇನೇ ಕಥಿ. 2020ರ ಅಕ್ಟೋಬರ್‌ನಾಗ ಭೀಮಾ ನದಿ ಊರೂರು ಮುಳುಗಿಸಿ ಇಳಿದ ಮ್ಯಾಲ ಒಂದು ಸೇತುವಿ ಬಾಜೂಕ ಈ ಫೈಬರ್ ಕೂಡಿಸೋ ಕೆಲಸ ನಾ ಕಣ್ಣಾರೆ ನೋಡೀನಿ. ಕೇಬಲ್ ಎಷ್ಟು ಮೀಟರ್ ದೂರ ಹರಿದದ ಅಂತ ಮಷೀನ್ ಬೆಳಕು ಬಿಟ್ಟು ಹೇಳಿತ್ತು. ಜೀಪಿನ ಹಿಂದ ಒಬ್ಬ ಹುಡುಗ ತಾಡಪತ್ರಿ ಹಿಡಿದು ನಿಂತಿದ್ದ, ಇನ್ನೊಬ್ಬ ಕೆಸರು ಕೈ ಒರೆಸಿಕೊಂಡು ಕೂದಲೆಳಿಯಂಥ ಗಾಜಿನ ಎಳಿ ಸ್ಪಿರಿಟ್‌ನಾಗ ತಿಕ್ಕಿ ಮಷೀನಿನಾಗ ಇಟ್ಟ, ಸಣ್ಣ ಸ್ಕ್ರೀನ್ ಮ್ಯಾಲ ಎರಡು ತುದಿ ಎದುರಾಬದುರು ಕಂಡುವು, ಒಂದು ಕಿಡಿ, ಕೂಡಿತು. ನೀಲಿ ಎಳಿ ಆಯ್ತು, ಕಿತ್ತಳಿ ಎಳಿ ಆಯ್ತು, ಇನ್ನಾ ಇಪ್ಪತ್ತೆರಡು ಉಳಿದಾವ ಅಂದ. ಮುಂಜಾನಿಂದ ಚಾ ಸೈತ ಕುಡಿದಿದ್ದಿಲ್ಲ ಆ ಹುಡುಗ್ರು.

ಮುಂದ ಹಿಂಗಾದ್ರ, ಸಿಗ್ನಲ್ ಒಂದು ಕಡ್ಡಿ ಇರೋತನ ಕಾಲ್ ಬದಲಿ ಎಸ್ಸೆಮ್ಮೆಸ್ ಹಾಕ್ರಿ, ಎಲ್ರೂ ಒಮ್ಮೆಲೇ ಫೋನ್ ಹಚ್ಚಿದಾಗೂ ಅದು ಸರದಿಯಾಗ ನಿಂತು ಹೋಗಿ ಮುಟ್ಟೂ ಸಾಧ್ಯತೆ ಹೆಚ್ಚು. ಸಿಗ್ನಲ್ ಪೂರಾ ಹೋದ್ರ ಏರೋಪ್ಲೇನ್ ಮೋಡ್‌ಗೆ ಹಾಕಿ ಆಗಾಗ ತೆಗೆದು ನೋಡ್ರಿ, ಇಲ್ಲಾಂದ್ರ ಟವರ್ ಹುಡುಕಿ ಹುಡುಕಿ ಫೋನಿಂದೂ ಬ್ಯಾಟರಿ ಮುಗೀತದ.

ಮತ್ತ ಒಂದು ಕೆಲಸ ತಪ್ಪದ ಮಾಡ್ರಿ. ಕರೆಂಟ್ ಹೋದ ಹೊತ್ತು, ಸಿಗ್ನಲ್ ಹೋದ ಹೊತ್ತು, ಎರಡೂ ಕ್ಯಾಲೆಂಡರ್ ಮ್ಯಾಲ ಗೀಚಿ ಇಡ್ರಿ. ಕಂಪನಿಗೆ ಕಂಪ್ಲೇಂಟ್ ಕೊಟ್ಟು ನಂಬರ್ ತಗೊಂಡು, ಒಂದು ಪ್ರತಿ ಡಿಸಿ ಆಫೀಸಿಗೆ ಕಳಿಸ್ರಿ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕ ಡಿಸಿ ಅವ್ರೇ ಅಧ್ಯಕ್ಷರು. ನಮಗೂ ಒಂದು ಪ್ರತಿ ಹಾಕ್ರಿ, ಬ್ಯಾರೆ ಊರಿನವ್ರೂ ಹಾಕ್ರಿ, ಯಾವ ಊರಾಗ ಎಷ್ಟು ನಿಮಿಷಕ್ಕ ಟವರ್ ಹೋಯ್ತು ಅಂತ ಊರವಾರು ಪಟ್ಟಿ ಇದೇ ಪುಟದಾಗ ಅಚ್ಚು ಹಾಕ್ತೀವಿ.

— ಸಂಪಾದಕ