ಹತ್ತು ಹೆಸರುಗಳಲ್ಲಿ ಗುಟ್ಟಿನ ಸಂದೇಶ ಇದೆಯಾ?

ಪ್ರಶ್ನೆ: ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 5ನೇ ಅಧ್ಯಾಯದಲ್ಲಿ ಆದಾಮನಿಂದ ನೋಹನವರೆಗೆ ಹತ್ತು ತಲೆಮಾರಿನ ಹೆಸರುಗಳಿವೆ. ಅವುಗಳ ಹೀಬ್ರೂ ಅರ್ಥಗಳನ್ನು ಸಾಲಾಗಿ ಜೋಡಿಸಿದರೆ, ದೇವರು ಇಳಿದು ಬಂದು ಸತ್ತು ನೆಮ್ಮದಿ ತರುತ್ತಾನೆ ಅನ್ನುವ ವಾಕ್ಯವೇ ಸಿಗುತ್ತದಂತೆ. ನಿಜವಾ?

ಉತ್ತರ: ಇಲ್ಲ. ಕೆಲವು ಹೆಸರುಗಳ ಅರ್ಥವನ್ನು ಹೀಗೆ ಜೋಡಿಸುವವರು ಸರಿಯಾಗಿಯೇ ಹೇಳುತ್ತಾರೆ, ಅದಕ್ಕೇ ಉಳಿದದ್ದನ್ನೂ ನಂಬಿಬಿಡುತ್ತೇವೆ. ಆದಾಮ ಅಂದರೆ ಮನುಷ್ಯ, ಹೀಬ್ರೂನಲ್ಲಿ ಮಣ್ಣಿಗೆ ‘ಅದಾಮಾ’. ಎನೋಷ್ ಅಂದರೂ ಮನುಷ್ಯನೇ. ಮಹಲಲೇಲ್ ಅಂದರೆ ದೇವರ ಸ್ತುತಿ, ಕೊನೆಯ ‘ಏಲ್’ ಅನ್ನುವುದೇ ದೇವರು. ಎಡವಟ್ಟಾಗುವುದು ಮೆತೂಷೆಲಹನ ಹತ್ತಿರ. ‘ಅವನ ಸಾವು ತರುತ್ತದೆ’ ಅಂತ ಅರ್ಥ ಹೇಳುತ್ತಾರಲ್ಲ, ಅಲ್ಲಿ ಸಾವಿನ ಮಾತೇ ಇಲ್ಲ. ಮೊದಲ ಭಾಗ ಗಂಡಸು ಅನ್ನುವ ಹಳೆಯ ಪದ, ‘ಷೆಲಹ’ ಎಸೆಯುವ ಈಟಿಯಂಥ ಆಯುಧ. ಈಟಿಯವನು ಅನ್ನಬಹುದು. ಲೆಮೆಕನ ಹೆಸರಿಗಂತೂ ಹೀಬ್ರೂನಲ್ಲಿ ಇದೇ ಮೂಲ ಅಂತ ತೋರಿಸುವುದಕ್ಕೆ ಯಾವ ಪದವೂ ಇಲ್ಲ.

ನೋಹನ ವಿಷಯ ಇನ್ನೂ ಚೆನ್ನಾಗಿದೆ. ಮಗ ನಮ್ಮನ್ನು ಸಂತೈಸುತ್ತಾನೆ ಅಂತ ತಂದೆ ಲೆಮೆಕ ಈ ಹೆಸರಿಡುತ್ತಾನೆ. ಆದರೆ ಸಂತೈಸು ಅನ್ನುವುದಕ್ಕೆ ಹೀಬ್ರೂ ಪದ ‘ನಹಮ್’, ನೋಹ ಬರುವುದು ವಿಶ್ರಾಂತಿ ಅನ್ನುವ ‘ನೂಹ’ದಿಂದ. ಪ್ರವಾದಿ ಸಮುವೇಲನದೂ ಹೀಗೇ: ದೇವರಲ್ಲಿ ಕೇಳಿ ಪಡೆದೆ ಅಂತ ತಾಯಿ ಹನ್ನಳು ಆ ಹೆಸರಿಡುತ್ತಾಳೆ, ಕೇಳಿ ಪಡೆದವನು ಅನ್ನುವ ಅರ್ಥ ನೇರವಾಗಿ ಕೂರುವುದು ಮಾತ್ರ ಇಸ್ರೇಲಿನ ಮೊದಲ ರಾಜ ಸೌಲನ ಹೆಸರಿಗೆ! ಇವು ತಪ್ಪು ಅಂತ ನನಗೆ ಅನಿಸುವುದಿಲ್ಲ. ಕಥೆ ಹೇಳುವವರು ಕಿವಿಗೆ ಬಿದ್ದ ಸದ್ದನ್ನು ಹಿಡಿದು ಅರ್ಥ ಕಟ್ಟುತ್ತಿದ್ದರು. ಪದದ ಮೂಲ ಹುಡುಕುವುದು ಬೇರೆಯೇ ಕೆಲಸ. ಎರಡನ್ನೂ ಕಲಸಿಬಿಟ್ಟರೆ ಎರಡೂ ಹಾಳು, ಅಲ್ವಾ?

ಗುಟ್ಟು ಬೇಕೇ ಬೇಕು ಅಂದರೆ ಸೌಲನ ಮಗನ ಹೆಸರು ನೋಡಿ. ಬೈಬಲಿನ ಒಂದನೇ ಪೂರ್ವಕಾಲವೃತ್ತಾಂತ ಅನ್ನುವ ಪುಸ್ತಕದ 8ನೇ ಅಧ್ಯಾಯದ ವಂಶಾವಳಿಯಲ್ಲಿ ಅವನು ಎಷ್ಬಾಳ, ಅಂದರೆ ಬಾಳನವನು. ಎರಡನೇ ಸಮುವೇಲ ಅನ್ನುವ ಪುಸ್ತಕದಲ್ಲಿ ಅವನೇ ಈಷ್ಬೋಶೆತ್. ‘ಬೋಶೆತ್’ ಅಂದರೆ ನಾಚಿಕೆ. ಬಾಳ್ ಅಂದರೆ ಒಡೆಯ, ಆದರೆ ಅದು ಇಸ್ರೇಲ್ಯರ ನೆರೆಯ ಜನರಾದ ಕಾನಾನ್ಯರ ದೇವರ ಹೆಸರೂ ಹೌದು. ಆ ಹೆಸರನ್ನು ಬರೆಯಲು ಮನಸ್ಸಾಗದೆ ಲಿಪಿಕಾರರು ನಾಚಿಕೆ ಅಂತ ತಿದ್ದಿದರು ಅನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಜನ ಸುಮ್ನೆ ದಾಟಿಸಿ ಓದುವ ಹೆಸರುಗಳ ಪಟ್ಟಿಯಲ್ಲೇ ಹಳೆಯ ರೂಪ ಉಳಿದುಕೊಂಡಿದೆ, ನನಗೆ ಜಾಸ್ತಿ ಇಷ್ಟವಾಗುವುದು ಇದೇ. ಇಸ್ರೇಲಿನ ಖಿರ್ಬೆತ್ ಕೆಯಾಫಾ ಅನ್ನುವ ಪುರಾತನ ನೆಲೆಯಲ್ಲಿ ಸಿಕ್ಕ, ಸುಮಾರು 3000 ವರ್ಷ ಹಳೆಯ ಒಂದು ಜಾಡಿಯ ಮೇಲೂ ಎಷ್ಬಾಳ ಅನ್ನುವ ಹೆಸರಿದೆ. ಅವನು ಸೌಲನ ಮಗನಲ್ಲ, ಬೇದಾ ಅನ್ನುವವನ ಮಗ.