ಎಲೆ ಉದುರಿತೆಂದು ಕರಿಬೇವನ್ನು ಎಸೆಯಬೇಡಿ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಕುಂಡದಲ್ಲಿ ಮೂರು ವರ್ಷದ ಕರಿಬೇವಿನ ಗಿಡ ಇದೆ. ಬೇಸಿಗೆಯಲ್ಲಿ ಹೊರಗೆ ಸೊಂಪಾಗಿ ಬೆಳೆದಿತ್ತು. ಅಕ್ಟೋಬರ್‌ನಲ್ಲಿ ಒಳಗೆ ತಂದೆವು. ಈಗ ಎಲೆಗಳು ಹಳದಿಯಾಗಿ ಉದುರುತ್ತಿವೆ. ದಿನಾ ನೀರು ಹಾಕುತ್ತಿದ್ದೇನೆ, ಗೊಬ್ಬರವನ್ನೂ ಕೊಟ್ಟೆ. ಗಿಡ ಸಾಯುತ್ತಿದೆಯೇ?

ಉತ್ತರ: ಮೊದಲು ಆ ನೀರು ನಿಲ್ಲಿಸಿ. ಗೊಬ್ಬರವನ್ನಂತೂ ಮಾರ್ಚ್ ತನಕ ಮುಟ್ಟಲೇಬೇಡಿ.

ಕರಿಬೇವು ಸೆಕೆ ನಾಡಿನ ಗಿಡ. ರಾತ್ರಿ ಹೊತ್ತು 10 ಡಿಗ್ರಿ ಸೆಲ್ಸಿಯಸ್, ಅಂದರೆ ನಿಮ್ಮಲ್ಲಿ ಹೇಳುವ 50 ಫ್ಯಾರನ್‌ಹೀಟ್ ಹತ್ತಿರ ಬರುವಷ್ಟರಲ್ಲಿ ಅದು ಒಳಗಿರಬೇಕು. ಒಳಗೆ ಬಂದ ಮೇಲೆ ಹಗಲು ಚಿಕ್ಕದು, ಬಿಸಿಲು ಕಡಿಮೆ, ಹೀಟರ್ ಗಾಳಿ ಬೇರೆ ಒಣ. ಇದೆಲ್ಲ ಒಟ್ಟಿಗೆ ಬಂದಾಗ ಗಿಡ ಎಲೆ ಉದುರಿಸಿ ಮಲಗಿಬಿಡುತ್ತದೆ. ಮಲಗಿದ ಗಿಡ ನೀರು ಕುಡಿಯುವುದಿಲ್ಲ ಅಲ್ವಾ? ನೀವು ಪ್ರೀತಿಯಿಂದ ಹಾಕಿದ ನೀರು ಮಣ್ಣಲ್ಲೇ ನಿಂತು ಬೇರು ಕೊಳೆಸುತ್ತದೆ. ಮನೆಯೊಳಗಿಟ್ಟ ಕರಿಬೇವು ಚಳಿಗಿಂತ ಜಾಸ್ತಿ ನೀರಿಗೇ ಸಾಯುತ್ತದೆ. ಬೆರಳನ್ನು ಎರಡು ಗಿಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ಅಲ್ಲೂ ಒಣಗಿದ್ದರೆ ಮಾತ್ರ ನೀರು ಕೊಡಿ, ತಟ್ಟೆಯಲ್ಲಿ ನಿಂತ ನೀರನ್ನು ಆಗಲೇ ಚೆಲ್ಲಿ.

ಗಿಡ ಬದುಕಿದೆಯೋ ಇಲ್ಲವೋ ಅನ್ನುವ ಅನುಮಾನವಿದ್ದರೆ ಕಾಂಡದ ತೊಗಟೆಯನ್ನು ಉಗುರಿನಿಂದ ತುಸು ಕೆರೆಯಿರಿ. ಒಳಗೆ ಹಸಿರು ಕಂಡರೆ ಜೀವ ಇದೆ. ತುದಿಯಲ್ಲಿ ಕಂದಾಗಿದ್ದರೂ ಬುಡದ ಹತ್ತಿರ ಹಸಿರಿರಬಹುದು, ಅಲ್ಲೂ ಕೆರೆದು ನೋಡಿ. ಬರೀ ಕಡ್ಡಿಯಂತೆ ನಿಂತ ಗಿಡವನ್ನು ಎಷ್ಟೋ ಮನೆಗಳಲ್ಲಿ ಫೆಬ್ರವರಿಯಲ್ಲಿ ಕಸಕ್ಕೆ ಹಾಕುತ್ತಾರೆ. ಇನ್ನೆರಡು ತಿಂಗಳು ಕಾದಿದ್ದರೆ ಅದೇ ಕಡ್ಡಿ ಚಿಗುರುತ್ತಿತ್ತು ಅಂತ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕುಂಡವನ್ನು ದಕ್ಷಿಣದ ಕಿಟಕಿಗೆ ಇಡಿ. ಹೀಟರ್ ಗಾಳಿ ನೇರ ಬಡಿಯಬಾರದು, ಎಲೆ ತಣ್ಣನೆಯ ಗಾಜಿಗೂ ತಾಗಬಾರದು. ವಾರಕ್ಕೊಮ್ಮೆ ಎಲೆಯ ಅಡಿಭಾಗ ನೋಡಿ. ಒಣ ಗಾಳಿಯಲ್ಲಿ ಕೆಂಪು ನುಸಿ ಬರುತ್ತದೆ, ಕಾಂಡಕ್ಕೆ ಕಂದು ಚಿಪ್ಪಿನಂತೆ ಅಂಟಿಕೊಳ್ಳುವ ಶಲ್ಕ ಕೀಟವೂ ಬರುತ್ತದೆ. ಎಲೆ ಅಂಟಂಟಾದರೆ ಆ ಕೀಟದ್ದೇ ಕೆಲಸ. ತೆಳು ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆಮೇಲೆ ಬೇವಿನೆಣ್ಣೆ ಸಿಂಪಡಿಸಿ.

ಮೇ ತಿಂಗಳ ನಡುವಿನ ತನಕ ಹೊರಗಿಡುವ ಆತುರ ಬೇಡ. ಹೊರಗಿಟ್ಟ ಮೊದಲ ವಾರ ನೆರಳಲ್ಲೇ ಇರಲಿ, ಒಮ್ಮೆಲೇ ಬಿಸಿಲಿಗೆ ಇಟ್ಟರೆ ಹೊಸ ಎಲೆ ಸುಟ್ಟುಹೋಗುತ್ತದೆ.

ಇನ್ನೊಂದು ಮಾತು. ಗಿಡ ಹೋಯಿತೆಂದು ಊರಿಂದ ಸೂಟ್‌ಕೇಸಿನಲ್ಲಿ ಸಸಿಯನ್ನಾಗಲಿ ಹಸಿ ಎಲೆಯನ್ನಾಗಲಿ ತರಬೇಡಿ. ಅಮೆರಿಕದಲ್ಲಿ ಅದಕ್ಕೆ ನಿಷೇಧವಿದೆ, ಸುಮ್ನೆ ಮಾಡಿದ್ದಲ್ಲ. ಕರಿಬೇವು ಕಿತ್ತಳೆ, ನಿಂಬೆಯ ಕುಟುಂಬಕ್ಕೆ ಸೇರಿದ್ದು. ಅದರ ಮೇಲೆ ಕೂರುವ ಒಂದು ಪುಟ್ಟ ಕೀಟ ಕಿತ್ತಳೆ ತೋಟಗಳನ್ನೇ ಕೊಲ್ಲುವ ರೋಗ ಹರಡುತ್ತದೆ. ಫ್ಲಾರಿಡಾದಲ್ಲಿ 2005ರಲ್ಲಿ ಕಾಣಿಸಿಕೊಂಡ ಆ ರೋಗ ಅಲ್ಲಿನ ಕಿತ್ತಳೆ ಬೆಳೆಗಾರರ ಬದುಕನ್ನೇ ಅಲ್ಲಾಡಿಸಿತು.

ಪ್ರಶ್ನೆ: ಡಲ್ಲಾಸ್‌ನಲ್ಲಿ ನಮ್ಮ ಹಿತ್ತಲ ನೆಲದಲ್ಲೇ ದುಂಡುಮಲ್ಲಿಗೆ, ದಾಸವಾಳ ಇವೆ. ಹಿಮದ ಎಚ್ಚರಿಕೆ ಬಂದಾಗ ಪ್ಲಾಸ್ಟಿಕ್ ಸುತ್ತಿ ಬುಡಕ್ಕೆ ಹಗ್ಗ ಕಟ್ಟುತ್ತೇವೆ. ಆದರೂ ಎಲೆ ಕಪ್ಪಾಗುತ್ತದೆ, ಯಾಕೆ?

ಉತ್ತರ: ಹೊದಿಕೆ ತಾನಾಗಿ ಬಿಸಿ ಕೊಡುವುದಿಲ್ಲ. ಹಗಲು ಕಾದ ನೆಲ ರಾತ್ರಿ ಬಿಡುವ ಬಿಸಿಯನ್ನು ಹಿಡಿದಿಡುವುದಷ್ಟೇ ಅದರ ಕೆಲಸ. ಕಾಂಡಕ್ಕೆ ಹಗ್ಗ ಕಟ್ಟಿದರೆ ನೆಲದ ಬಿಸಿ ಗಿಡಕ್ಕೆ ತಲುಪುವುದೇ ಇಲ್ಲ. ಪ್ಲಾಸ್ಟಿಕ್ ತಾಗಿದ ಎಲೆ ಹೊರಗಿನಷ್ಟೇ ತಣ್ಣಗಾಗುತ್ತದೆ. ನಾಲ್ಕು ಕೋಲು ನೆಟ್ಟು ಹಳೆಯ ಹತ್ತಿ ಬೆಡ್‌ಶೀಟನ್ನು ಡೇರೆಯಂತೆ ನೆಲದವರೆಗೂ ಇಳಿಬಿಡಿ, ಅಂಚಿಗೆ ಕಲ್ಲು ಹೇರಿ, ಬೆಳಿಗ್ಗೆ ಬಿಸಿಲು ಬಂದ ಮೇಲೆ ತೆಗೆಯಿರಿ. ಮಣ್ಣು ಒಣಗಿದ್ದರೆ ಹಿಂದಿನ ದಿನ ನೀರು ಹಾಯಿಸಿ. ಒದ್ದೆ ನೆಲ ಹೆಚ್ಚು ಬಿಸಿ ಹಿಡಿಯುತ್ತದೆ, ನೆಲದ ಗಿಡಕ್ಕೆ ನೀರು ಒಳ್ಳೆಯದು ಮಾಡುವ ಸಂದರ್ಭ ಇದು. ಒಳಗೆ ಬಲ್ಬ್ ಹಾಕುವುದಾದರೆ ಎಲ್‌ಇಡಿಯಿಂದ ಪ್ರಯೋಜನವಿಲ್ಲ, ಬಿಸಿಯಾಗುವ ಹಳೆಯ ಬಲ್ಬೇ ಬೇಕು, ಬಟ್ಟೆಗೆ ತಾಗದಂತೆ ಎಚ್ಚರ.

2021ರ ಫೆಬ್ರವರಿ 16ರಂದು ನಿಮ್ಮೂರಲ್ಲಿ ಮೈನಸ್ 19 ಡಿಗ್ರಿ ಸೆಲ್ಸಿಯಸ್ ಆಗಿತ್ತು. ಅಂಥ ಚಳಿಗೆ ಯಾವ ಬೆಡ್‌ಶೀಟೂ ಸಾಲದು. ಅದಕ್ಕೇ ಡಿಸೆಂಬರ್‌ಗೆ ಮೊದಲೇ ಮಲ್ಲಿಗೆಯ ಬುಡಕ್ಕೆ ಅರ್ಧ ಅಡಿ ಒಣ ಎಲೆ ಹಾಸಿ. ಮೇಲಿನದೆಲ್ಲ ಹೋದರೂ ಬೇರು ಉಳಿದರೆ ಮತ್ತೆ ಚಿಗುರೀತು. ಕಪ್ಪಾದ ಕೊಂಬೆಯನ್ನು ಮಾರ್ಚ್ ತನಕ ಕತ್ತರಿಸಬೇಡಿ. ದಾಸವಾಳದ ಎರಡು ಕಡ್ಡಿ ಅಕ್ಟೋಬರ್‌ನಲ್ಲೇ ಕುಂಡದಲ್ಲಿ ಬೇರು ಬಿಡಿಸಿ ಮನೆಯೊಳಗೆ ಇಟ್ಟುಕೊಳ್ಳಿ.

ಪ್ರಶ್ನೆ: ಬೀದರ್‌ನಲ್ಲಿ ನಮ್ಮ ಮನೆಯ ತುಳಸಿ ಪ್ರತಿವರ್ಷ ತುಳಸಿ ಹಬ್ಬ ಮುಗಿದ ಮೇಲೆ ಒಣಗುತ್ತದೆ. ಅಪಶಕುನ ಅನ್ನುತ್ತಾರೆ. ನಿಜವೇ?

ಉತ್ತರ: ಅಪಶಕುನ ಏನೂ ಅಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆ ಹೊತ್ತಿಗೆ ತುಳಸಿ ಹೂಬಿಟ್ಟು ಬೀಜ ಕಟ್ಟುತ್ತದೆ, ಶಕ್ತಿಯೆಲ್ಲ ಅದಕ್ಕೇ ಹೋಗುತ್ತದೆ. ಮೇಲೆ ನಿಮ್ಮ ಕಡೆಯ ರಾತ್ರಿ ಚಳಿಯೂ ಸೇರುತ್ತದೆ. ಕದಿರು ಮೂಡಿದಂತೆಲ್ಲ ಚಿವುಟಿ, ಒಂದೆರಡನ್ನು ಬೀಜಕ್ಕೆ ಬಿಡಿ. ದೀಪವನ್ನು ಕಾಂಡದಿಂದ ದೂರ ಇಡಿ. ಪೂಜೆಗೆಂದು ದಿನಾ ತಂಬಿಗೆ ನೀರು ಸುರಿಯುತ್ತಿದ್ದರೆ ಚಳಿಗಾಲ ಮುಗಿಯುವ ತನಕ ಒಂದು ಉದ್ಧರಣೆ ನೀರು ಹಾಕಿ ಕೈಮುಗಿಯಿರಿ. ಮಣ್ಣು ಒಣಗಿದ ದಿನ ತಂಬಿಗೆ ನೀರು ಹಾಕಿದರಾಯಿತು.